ಒಂದೇ ವೇಗದ ಲಾನ್ ಮೋವರಿಗೆ ಎಕ್ಸಲರೇಟರ್: ಟಿಳಕವಾಡಿಯ ಒಂದು ಪ್ರಕರಣ

ಜಾಗ ಬೆಳಗಾವಿಯ ಟಿಳಕವಾಡಿ. ನಿವಾಸಿಗಳ ಸಂಘ ನೋಡಿಕೊಳ್ಳುವ ಸಣ್ಣ ಉದ್ಯಾನ, ಅದರೊಳಗೆ ಸುಮಾರು ಎಂಟು ಗುಂಟೆ ಹುಲ್ಲುಹಾಸು. ಮಿಷಿನ್ ತಳ್ಳಿಕೊಂಡು ಹೋಗುವ ಪೆಟ್ರೋಲ್ ಲಾನ್ ಮೋವರ್: ನಾಲ್ಕು ಸ್ಟ್ರೋಕಿನ ಒಂದೇ ಸಿಲಿಂಡರ್, ಸುಮಾರು 160 ಸಿಸಿ, ಕ್ರ್ಯಾಂಕ್ ಶಾಫ್ಟ್ ನೆಟ್ಟಗೆ ಕೆಳಮುಖವಾಗಿದ್ದು ಅದರ ತುದಿಗೇ 21 ಇಂಚಿನ ಬ್ಲೇಡ್. ಎಂಜಿನ್ನಿಗೆ ಹೋಗುವ ಗಾಳಿ ತಗ್ಗಿಸುವ ಚೋಕ್ ಕೈಯಿಂದ ಹಾಕುವಂಥದ್ದು. ಎಕ್ಸಲರೇಟರ್ ಇಲ್ಲ, ಹಗ್ಗ ಎಳೆದರೆ ನೇರವಾಗಿ 3100 ಆರ್‌ಪಿಎಂ, ಹಿಡಿಕೆಯ ಕಂಬಿ ಬಿಟ್ಟರೆ ಬಂದ್. ನಡುವೆ ಬೇರೇನೂ ಇಲ್ಲ.

ಮಳೆಗಾಲದಲ್ಲಿ ಇದರಿಂದ ತೊಂದರೆ ಆಗಿರಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯ ಹುಲ್ಲು ದಟ್ಟ, ಒದ್ದೆ; ಅದಕ್ಕೆ ಪೂರ್ತಿ ವೇಗವೇ ಬೇಕು. ತಕರಾರು ಶುರುವಾದದ್ದು ಬೇಸಿಗೆಯಲ್ಲಿ. ಹುಲ್ಲು ತೆಳುವಾಗಿ, ನಡುನಡುವೆ ಕೆಂಪು ಮಣ್ಣು ಕಾಣತೊಡಗಿದಾಗ ಅದೇ ವೇಗದ ಬ್ಲೇಡು ಹುಲ್ಲಿಗಿಂತ ಹೆಚ್ಚು ಧೂಳನ್ನೇ ಎತ್ತುತ್ತಿತ್ತು. ಏರ್ ಫಿಲ್ಟರ್ ವಾರಕ್ಕೊಮ್ಮೆ ಕಟ್ಟುತ್ತಿತ್ತು, ಬ್ಲೇಡಿನ ಅಂಚು ಮಣ್ಣಿಗೆ ಮೊಂಡಾಗುತ್ತಿತ್ತು, ಬೆಳಗಿನ ಏಳಕ್ಕೆ ಅಕ್ಕಪಕ್ಕದ ಮನೆಗಳಿಂದ ಸದ್ದಿನ ದೂರು ಬೇರೆ. ವೇಗ ಇಳಿಸುವ ಒಂದು ಲಿವರ್ ಬೇಕು ಎಂಬ ಬೇಡಿಕೆ ನ್ಯಾಯವಾದದ್ದೇ ಆಗಿತ್ತು. ಮೊದಲ ಸಲ ಅದನ್ನು ಪೂರೈಸಿದ ರೀತಿ ಮಾತ್ರ ಅಪಾಯಕಾರಿಯಾಗಿತ್ತು.

ಮೊದಲ ಪ್ರಯತ್ನದಲ್ಲಿ ಏನು ತಪ್ಪಿತು

ಬೈಕ್ ರಿಪೇರಿ ಗೊತ್ತಿದ್ದವರೊಬ್ಬರು ಬೈಕಿನ ಲೆಕ್ಕದಲ್ಲೇ ಯೋಚಿಸಿದರು. ಕಾರ್ಬೊರೇಟರಿನ ದಾರಿಯನ್ನು ತೆರೆದು ಮುಚ್ಚುವ ತಟ್ಟೆ ಬಟರ್‌ಫ್ಲೈ; ಅದರ ತೋಳಿಗೆ ಸೈಕಲ್ ಬ್ರೇಕಿನ ತಂತಿ ಕಟ್ಟಿ ಹಿಡಿಕೆಗೆ ತಂದರು. ಎಂಜಿನ್ನಿನ ವೇಗ ಕಾಯುವ ಗವರ್ನರಿನ ಸ್ಪ್ರಿಂಗ್ ತಂತಿಗೆ ಅಡ್ಡ ಬರುತ್ತದೆಂದು ಅದನ್ನು ಕೊಕ್ಕೆಯಿಂದ ಕಳಚಿಟ್ಟರು. ಮಿಷಿನ್ ಓಡಿತು, ತಂತಿ ಎಳೆದಂತೆ ವೇಗವೂ ಏರಿತು. ಸಿಮೆಂಟ್ ನೆಲದ ಮೇಲೆ ನೋಡಿದರೆ ಎಲ್ಲ ಸರಿ.

ಹುಲ್ಲಿಗೆ ಇಳಿದ ಮೇಲೆ ಎರಡು ತೊಂದರೆ ಒಟ್ಟಿಗೇ ಬಂದವು. ದಟ್ಟ ಹುಲ್ಲು ಸಿಕ್ಕಲ್ಲೆಲ್ಲ ಎಂಜಿನ್ ಕೂರುತ್ತಿತ್ತು, ಮಾಲಿ ತಂತಿಯನ್ನು ಇನ್ನಷ್ಟು ಎಳೆಯುತ್ತಿದ್ದ. ತೆಳು ಹುಲ್ಲಿಗೆ ಬಂದ ಕೂಡಲೇ ಅದೇ ಎಂಜಿನ್ ಕಿರುಚಿಕೊಳ್ಳುತ್ತಿತ್ತು. ಕೆಲವೇ ದಿನಗಳಲ್ಲಿ ಗವರ್ನರ್ ತೋಳಿನಿಂದ ಬಟರ್‌ಫ್ಲೈಗೆ ಹೋಗುವ ತೆಳು ಕಡ್ಡಿ ಬಾಗಿತು, ಅದು ಕೂರುವ ತೂತು ಮೊಟ್ಟೆಯಾಕಾರಕ್ಕೆ ಸವೆಯಿತು.

ಕಾರಣ ಸರಳ. ‘ಒಂದೇ ವೇಗ’ ಎಂದು ಮಾರುವ ಎಂಜಿನ್ನಿನಲ್ಲೂ ಬಟರ್‌ಫ್ಲೈ ಒಂದೇ ಕಡೆ ನಿಂತಿರುವುದಿಲ್ಲ. ಕ್ರ್ಯಾಂಕ್‌ಕೇಸಿನೊಳಗೆ ಸಣ್ಣ ತೂಕಗಳು ತಿರುಗುತ್ತಿರುತ್ತವೆ. ವೇಗ ಏರಿದಷ್ಟೂ ಅವು ಹೊರಕ್ಕೆ ಸಿಡಿದು, ಗವರ್ನರ್ ಶಾಫ್ಟಿನ ಮೂಲಕ ಬಟರ್‌ಫ್ಲೈಯನ್ನು ಮುಚ್ಚುವ ಕಡೆಗೆ ತಳ್ಳುತ್ತವೆ. ಹೊರಗಿನ ಸ್ಪ್ರಿಂಗ್ ಅದನ್ನು ತೆರೆಯುವ ಕಡೆಗೆ ಎಳೆಯುತ್ತದೆ. ಈ ಎರಡರ ಜಗ್ಗಾಟ ಎಲ್ಲಿ ಸಮವಾಗುತ್ತದೋ ಅದೇ ಎಂಜಿನ್ನಿನ ವೇಗ. ಹುಲ್ಲು ದಟ್ಟವಾದರೆ ವೇಗ ಕೊಂಚ ಇಳಿಯುತ್ತದೆ, ತೂಕಗಳ ಬಲ ತಗ್ಗುತ್ತದೆ, ಸ್ಪ್ರಿಂಗ್ ಗೆದ್ದು ಬಟರ್‌ಫ್ಲೈ ತೆರೆಯುತ್ತದೆ. ಹುಲ್ಲು ಮುಗಿದರೆ ಇದರ ಉಲ್ಟಾ. ಸ್ಪ್ರಿಂಗ್ ಕಳಚಿ ತಂತಿ ಕಟ್ಟಿದಾಗ ಈ ಕೆಲಸವೆಲ್ಲ ಮಾಲಿಯ ಬೆರಳಿಗೆ ಬಿತ್ತು. ತೂಕಗಳ ತಳ್ಳಾಟಕ್ಕೂ ಬೆರಳಿನ ಎಳೆತಕ್ಕೂ ನಡುವೆ ಸಿಕ್ಕಿದ್ದು ಆ ತೆಳು ಕಡ್ಡಿ.

ಕಿರುಚಾಟವನ್ನು ಬರೀ ಸದ್ದೆಂದು ಬಿಡುವಂತಿಲ್ಲ. ಬ್ಲೇಡಿನ ತುದಿಯ ವೇಗಕ್ಕೆ ಅಮೆರಿಕದ ಎಎನ್‌ಎಸ್‌ಐ ಬಿ71.1 ಮಾನದಂಡ ಹಾಕಿರುವ ಮಿತಿ ನಿಮಿಷಕ್ಕೆ 19,000 ಅಡಿ, ಅಂದರೆ ಸೆಕೆಂಡಿಗೆ 96.5 ಮೀಟರ್. 21 ಇಂಚಿನ ಬ್ಲೇಡು 3100ರಲ್ಲಿ 86.6 ಮೀಟರ್ ಮುಟ್ಟುತ್ತದೆ. 3600ರಲ್ಲಿ 100 ಮೀಟರ್ ದಾಟುತ್ತದೆ. ಅಂದರೆ ಈ ಅಳತೆಯ ಬ್ಲೇಡಿಗೆ ಸುಮಾರು 3450 ಆರ್‌ಪಿಎಂ ಕೊನೆಯ ಗೆರೆ. ಜನರೇಟರಿಗೋ ಪಂಪಿಗೋ 3600 ಸರಿ ಎಂದು ಮೋವರಿಗೂ ಅದನ್ನೇ ಅನ್ವಯಿಸುವುದು ಈ ಕಾರಣಕ್ಕೇ ತಪ್ಪು.

ಎಳೆಯಬೇಕಾದದ್ದು ಯಾವುದನ್ನು

ಸ್ಪ್ರಿಂಗನ್ನು. ಒಂದೇ ವೇಗದ ಎಂಜಿನ್ನಿನಲ್ಲಿ ಸ್ಪ್ರಿಂಗಿನ ಒಂದು ತುದಿ ಗವರ್ನರ್ ತೋಳಿನಲ್ಲಿ, ಇನ್ನೊಂದು ತುದಿ ತಗಡಿನ ಗಟ್ಟಿ ಕಿವಿಯೊಂದರಲ್ಲಿ ಕೊಕ್ಕೆ ಹಾಕಿಕೊಂಡಿರುತ್ತದೆ. ಆ ಕಿವಿಯ ಬದಲು ತಿರುಗುವ ಲಿವರ್ ಕೂರಿಸಿದರೆ ಕೆಲಸ ಮುಗಿಯಿತು. ಸ್ಪ್ರಿಂಗ್ ಬಿಗಿ ಮಾಡಿದರೆ ಗವರ್ನರ್ ಮೇಲಿನ ವೇಗವನ್ನು ಕಾಯುತ್ತದೆ, ಸಡಿಲ ಬಿಟ್ಟರೆ ಕೆಳಗಿನ ವೇಗವನ್ನು. ಎರಡರಲ್ಲೂ ಬಟರ್‌ಫ್ಲೈ ಗವರ್ನರಿನ ಕೈಯಲ್ಲೇ ಉಳಿಯುತ್ತದೆ.

ಎಷ್ಟೋ ಎಂಜಿನ್ನುಗಳು ಎಕ್ಸಲರೇಟರ್ ಇರುವ ರೂಪದಲ್ಲೂ ತಯಾರಾಗಿರುತ್ತವೆ. ಆಗ ಕಂಟ್ರೋಲ್ ಪ್ಲೇಟ್, ಸ್ಪ್ರಿಂಗ್ ಮತ್ತು ಕಾರ್ಬೊರೇಟರನ್ನು ಬಿಡಿಭಾಗವಾಗಿ ತರಿಸಿ ಬದಲಿಸುವುದೇ ಉತ್ತಮ ದಾರಿ. ಈ ಮಿಷಿನ್ನಿಗೆ ಆ ಭಾಗ ಸಿಗಲಿಲ್ಲ, ವಾರಂಟಿ ಮುಗಿದಿತ್ತು. ಹಾಗಾಗಿ ಲಿವರ್ ಊರಿನ ಕೈಗಾರಿಕಾ ಪ್ರದೇಶ ಉದ್ಯಮಬಾಗ್‌ನ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ತಯಾರಾಯಿತು. ವಾರಂಟಿ ಇರುವ ಮಿಷಿನ್ನಿಗೆ ಇದಕ್ಕೆ ಕೈ ಹಾಕಬಾರದು.

ಅಳತೆ

ಲಿವರ್ ಎಷ್ಟು ಚಲಿಸಬೇಕು ಎಂಬುದನ್ನು ಕಣ್ಣಂದಾಜಿಗೆ ಬಿಟ್ಟರೆ ಮೂರು ಸಲ ತಗಡು ಕತ್ತರಿಸಬೇಕಾಗುತ್ತದೆ. ತೂಕಗಳ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಲೆಕ್ಕ ಸುಲಭ: 3100ರ ಬಿಗಿಯನ್ನು ನೂರು ಎಂದಿಟ್ಟುಕೊಂಡರೆ 2400ಕ್ಕೆ ಅರವತ್ತು ಸಾಕು, 2000ಕ್ಕೆ ನಲವತ್ತೆರಡು.

ಸ್ಪ್ರಿಂಗನ್ನು ಕಿವಿಯಿಂದ ತೆಗೆದು, ತಂತಿಯ ತುಂಡಿನಿಂದ ಸೂಟ್‌ಕೇಸ್ ತೂಗುವ ಡಿಜಿಟಲ್ ತಕ್ಕಡಿಗೆ ಕಟ್ಟಿ, ಎಂಜಿನ್ 3100ಕ್ಕೆ ಬರುವವರೆಗೆ ಎಳೆದಾಗ ತಕ್ಕಡಿ ತೋರಿಸಿದ್ದು 640 ಗ್ರಾಂ. ಇದಕ್ಕೆ ಇಬ್ಬರು ಬೇಕೇ ಬೇಕು: ಒಬ್ಬರು ಹಿಡಿಕೆಯ ಕಂಬಿ ಒತ್ತಿ ಹಿಡಿಯಲು, ಇನ್ನೊಬ್ಬರು ಪಕ್ಕದಲ್ಲಿ ನಿಂತು ತಕ್ಕಡಿ ನೋಡಲು. ಕಂಬಿಯನ್ನು ಹಗ್ಗದಿಂದ ಕಟ್ಟಿ ಒಬ್ಬರೇ ಮಾಡಲು ಹೋಗಬಾರದು. ಆಮೇಲೆ ಸ್ಪ್ರಿಂಗನ್ನು ಮೊಳೆಗೆ ನೇತುಹಾಕಿ, 300 ಗ್ರಾಂ ಮತ್ತು 600 ಗ್ರಾಂ ತೂಕ ಕಟ್ಟಿ ಅಳೆದರೆ ನಡುವಿನ ವ್ಯತ್ಯಾಸ 5.5 ಮಿ.ಮೀ., ಅಂದರೆ ಮಿಲಿಮೀಟರಿಗೆ ಸುಮಾರು 55 ಗ್ರಾಂ. 2000ಕ್ಕೆ ಬೇಕಾದದ್ದು ಸುಮಾರು 266 ಗ್ರಾಂ. ಇಳಿಸಬೇಕಾದ 374 ಗ್ರಾಮಿಗೆ ಸ್ಪ್ರಿಂಗಿನ ತುದಿ ಹೆಚ್ಚುಕಡಿಮೆ 7 ಮಿ.ಮೀ. ಸರಿದರೆ ಸಾಕು.

ಎರಡು ತೂಕ ಕಟ್ಟಿ ವ್ಯತ್ಯಾಸ ತೆಗೆಯುವುದಕ್ಕೂ ಕಾರಣವಿದೆ. ಸುರುಳಿ ಒತ್ತಾಗಿ ಸುತ್ತಿದ ಸ್ಪ್ರಿಂಗಿನಲ್ಲಿ ಹುಟ್ಟಿನಿಂದಲೇ ಒಂದಿಷ್ಟು ಬಿಗಿ ಇರುತ್ತದೆ; ಅದನ್ನು ಮೀರುವವರೆಗೆ ಅದು ಕಡ್ಡಿಯ ಹಾಗೆ ವರ್ತಿಸುತ್ತದೆ. ಒಂದೇ ತೂಕ ಕಟ್ಟಿ ಭಾಗಿಸಿದರೆ ಲೆಕ್ಕ ತಪ್ಪುತ್ತದೆ.

ಆರ್‌ಪಿಎಂ ಅಳೆಯುವಾಗಲೂ ಒಂದು ಮೋಸವಿದೆ. ಪ್ಲಗ್ ವೈರಿಗೆ ಸುತ್ತುವ ಮೀಟರಿನಲ್ಲಿ ‘ಒಂದು ಸುತ್ತಿಗೆ ಒಂದು ಕಿಡಿ’ ಎಂಬ ಆಯ್ಕೆ ಇರಬೇಕು. ನಾಲ್ಕು ಸ್ಟ್ರೋಕ್ ಆದರೂ ಫ್ಲೈವೀಲಿನ (ಎಂಜಿನ್ನಿನ ತಿರುಗಾಟವನ್ನು ಸಮವಾಗಿಡುವ ಗಾಲಿ) ಅಯಸ್ಕಾಂತ ಪ್ರತಿ ಸುತ್ತಿಗೂ ಕಿಡಿ ಹಾರಿಸುತ್ತದೆ. ಎರಡು ಸುತ್ತಿಗೊಂದು ಎಂದು ಇಟ್ಟರೆ ಮೀಟರ್ ದುಪ್ಪಟ್ಟು ತೋರಿಸುತ್ತದೆ. ಮೀಟರೇ ಇಲ್ಲದಿದ್ದರೆ ಮೊಬೈಲಿನ ಸ್ಪೆಕ್ಟ್ರಮ್ ಆ್ಯಪ್ ಸಾಕು. ಎರಡು ತುದಿಯ ಬ್ಲೇಡು ಪ್ರತಿ ಸುತ್ತಿಗೆ ಎರಡು ಬಾರಿ ಗಾಳಿಯನ್ನು ಹೊಡೆಯುವುದರಿಂದ 3100ಕ್ಕೆ ಸುಮಾರು 103 ಹರ್ಟ್ಸ್, 2400ಕ್ಕೆ 80 ಹರ್ಟ್ಸ್ ಬಳಿ ಗೆರೆ ಎದ್ದು ನಿಲ್ಲುತ್ತದೆ. ಇಲ್ಲಿ ಎರಡನ್ನೂ ಬಳಸಿ ತಾಳೆ ನೋಡಲಾಯಿತು.

ಬ್ಲೇಡು ಬಿಚ್ಚಿ ಪರೀಕ್ಷೆ ಮಾಡೋಣ ಎಂಬ ಸಲಹೆ ಕೇಳಲು ಸುರಕ್ಷಿತ ಅನ್ನಿಸುತ್ತದೆ. ಆದರೆ ಇಂಥ ಮೋವರುಗಳ ಫ್ಲೈವೀಲ್ ಹಗುರ. ಫ್ಲೈವೀಲಿನ ಅರ್ಧ ಕೆಲಸ ಬ್ಲೇಡೇ ಮಾಡುತ್ತಿರುತ್ತದೆ. ಬ್ಲೇಡಿಲ್ಲದೆ ಹಗ್ಗ ಎಳೆದರೆ ಎಂಜಿನ್ ಒದ್ದು ಹಗ್ಗವನ್ನು ಕೈಯಿಂದ ಕಿತ್ತುಕೊಳ್ಳುತ್ತದೆ, ನಿಧಾನ ವೇಗದಲ್ಲಿ ಒಂದೇ ಸಮ ನಿಲ್ಲುವುದೂ ಇಲ್ಲ. ಬ್ಲೇಡು ಹಾಗೇ ಇರಲಿ, ಎತ್ತರ ಮೇಲಿನ ಹಲ್ಲಿಗೆ ಇರಲಿ, ಗುಡಿಸಿದ ಸಿಮೆಂಟ್ ನೆಲ ಇರಲಿ.

ತಯಾರಿಕೆ

ಮೊದಲು ಪ್ಲಗ್ ವೈರ್ ಕಳಚಿ ದೂರ ಕಟ್ಟಬೇಕು. ಮೋವರನ್ನು ಓರೆ ಮಾಡುವುದಿದ್ದರೆ ಟ್ಯಾಂಕ್ ಖಾಲಿ ಮಾಡಿ, ಏರ್ ಫಿಲ್ಟರ್ ಮೇಲಕ್ಕೆ ಬರುವಂತೆ ಓರೆ ಮಾಡಬೇಕು. ಇಲ್ಲದಿದ್ದರೆ ಎಂಜಿನ್ನಿನ ಆಯಿಲ್ ಕಾರ್ಬೊರೇಟರಿಗೂ ಏರ್ ಫಿಲ್ಟರಿಗೂ ಇಳಿಯುತ್ತದೆ.

ಲಿವರ್: 2 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿ, 20 ಮಿ.ಮೀ. ಅಗಲ, 65 ಉದ್ದ. ತಿರುಗುವ ತೂತಿನಿಂದ 25 ಮಿ.ಮೀ. ದೂರಕ್ಕೆ ಸ್ಪ್ರಿಂಗಿನ ತೂತು, 50ಕ್ಕೆ ಕೇಬಲಿನ ತೂತು. ಸ್ಪ್ರಿಂಗ್ 7 ಮಿ.ಮೀ. ಸರಿದರೆ ಕೇಬಲ್ 14 ಸರಿಯುತ್ತದೆ. ಹಿಡಿಕೆಯ ಲಿವರಿಗೆ ಅದು ಹಿತವಾದ ಅಳತೆ. ಲಿವರ್ ಕೂರಲು ಎಲ್ ಆಕಾರಕ್ಕೆ ಮಡಚಿದ 2 ಮಿ.ಮೀ. ತಗಡು, ಹಳೆಯ ಕಿವಿ ಇದ್ದ ಪ್ಲೇಟಿನ ಬೋಲ್ಟುಗಳಿಗೇ ಬಿಗಿದದ್ದು. ತಿರುಗಣೆಗೆ ಒಂದು ಎಂ6 ಬೋಲ್ಟ್, ಎರಡು ಕಡೆ ವಾಷರ್, ನಡುವೆ ನೈಲಾನ್ ವಾಷರ್, ತುದಿಗೆ ನೈಲಾಕ್ ನಟ್. ಸಾದಾ ನಟ್ ಹಾಕಿದರೆ ಒಂದು ವಾರದ ಕಂಪನಕ್ಕೇ ಬಿಚ್ಚಿಕೊಳ್ಳುತ್ತದೆ. ಕೇಬಲ್ ಮತ್ತು ಹಿಡಿಕೆಯ ಲಿವರ್ ಪವರ್ ವೀಡರಿನದು, ಕೃಷಿ ಉಪಕರಣದ ಅಂಗಡಿಯಲ್ಲಿ ಜೋಡಿಯಾಗಿ ಸಿಗುತ್ತದೆ. ಇಟ್ಟಲ್ಲಿ ನಿಲ್ಲುವ ಲಿವರನ್ನೇ ಆರಿಸಬೇಕು. ಬೈಕಿನ ಹಾಗೆ ಕೈ ಬಿಟ್ಟರೆ ಹಿಂದೆ ಬರುವಂಥದ್ದು ಬೇಡ, ಒಂದು ಕೈ ಕಂಬಿಯಲ್ಲಿ ಸಿಕ್ಕಿರುವಾಗ ಅದನ್ನು ಹಿಡಿದುಕೊಂಡು ಮೋವರ್ ತಿರುಗಿಸಲಾಗದು.

ಮೂರು ವಿಷಯಗಳಲ್ಲಿ ರಾಜಿ ಮಾಡಿಕೊಳ್ಳಲಿಲ್ಲ. ಒಂದು, ಲಿವರಿನ ಮೇಲಿನ ಕೊನೆಯಲ್ಲಿ ಸ್ಪ್ರಿಂಗಿನ ಕೊಕ್ಕೆ ಕಾರ್ಖಾನೆಯ ಕಿವಿ ಇದ್ದ ಜಾಗಕ್ಕೇ, ಅದೇ ಕೋನದಲ್ಲಿ ಬಂದು ನಿಲ್ಲಬೇಕು. ಅಲ್ಲೊಂದು ಎಂ5 ಸ್ಕ್ರೂ, ಲಾಕ್ ನಟ್, ಮೇಲೆ ಬಣ್ಣದ ಗುರುತು. 3100ಕ್ಕಿಂತ ಮೇಲೆ ಹೋಗಲು ದಾರಿಯೇ ಇರಕೂಡದು. ಎರಡು, ಕೇಬಲ್ ಎಳೆದಾಗ ವೇಗ ಏರಬೇಕು, ಬಿಟ್ಟಾಗ ಇಳಿಯಬೇಕು. ಹೀಗಿದ್ದರೆ ಕೇಬಲ್ ಹರಿದ ದಿನ ಎಂಜಿನ್ ತಾನಾಗಿ ನಿಧಾನಕ್ಕೆ ಬರುತ್ತದೆ. ಉಲ್ಟಾ ಕಟ್ಟಿದರೆ ಹರಿದ ಕೇಬಲ್ ಎಂಜಿನ್ನನ್ನು ಪೂರ್ತಿ ವೇಗದಲ್ಲೇ ಉಳಿಸುತ್ತದೆ. ಆದರೆ ನಿಧಾನ ವೇಗದಲ್ಲಿ ಗವರ್ನರ್ ಸ್ಪ್ರಿಂಗಿನ 266 ಗ್ರಾಂ ಎಳೆತ ಕೇಬಲಿನೊಳಗಿನ ಉಜ್ಜಾಟವನ್ನು ಗೆಲ್ಲಲಾರದು, ಅದಕ್ಕಾಗಿ ಎಂಜಿನ್ ಕಡೆಯ ಲಿವರಿಗೆ ಬೇರೆಯದೇ ಒಂದು ಹಿಂದೆಳೆಯುವ ಸ್ಪ್ರಿಂಗ್ ಹಾಕಬೇಕು. ಮೂರು, ಹಿಡಿಕೆಯ ಕಂಬಿ ಮತ್ತು ಫ್ಲೈವೀಲ್ ಬ್ರೇಕನ್ನು ಮುಟ್ಟಬಾರದು. ಕಂಬಿ ಬಿಟ್ಟ 3 ಸೆಕೆಂಡಿನಲ್ಲಿ ಬ್ಲೇಡು ನಿಲ್ಲಬೇಕೆಂಬುದು ಅಮೆರಿಕದಲ್ಲಿ 1982ರಿಂದ ಕಡ್ಡಾಯ. ಇಲ್ಲಿ ಕೇಳುವವರಿಲ್ಲ ಎಂದು ಬೆರಳಿಗೆ ರಿಯಾಯಿತಿ ಸಿಗುವುದಿಲ್ಲ.

ಬಾಗಿದ ಕಡ್ಡಿಯನ್ನು ತಿದ್ದಲು ಹೋಗದೆ ಅದೇ ದಪ್ಪದ ಸ್ಟೀಲ್ ತಂತಿಯಿಂದ ಹೊಸದು ಬಾಗಿಸಲಾಯಿತು. ಗವರ್ನರ್ ತೋಳು ಕದಲಿದ್ದರಿಂದ ಅದರ ಜೋಡಣೆಯನ್ನೂ ಹೊಸದಾಗಿ ಮಾಡಬೇಕಾಯಿತು: ತೋಳಿನ ಹಿಡಿಕಟ್ಟಿನ ನಟ್ ಸಡಿಲಿಸಿ, ಬಟರ್‌ಫ್ಲೈಯನ್ನು ಪೂರ್ತಿ ತೆರೆದು ಹಿಡಿದು, ತೆರೆಯುವಾಗ ತೋಳು ಯಾವ ದಿಕ್ಕಿಗೆ ತಿರುಗುತ್ತದೋ ಅದೇ ದಿಕ್ಕಿಗೆ ಶಾಫ್ಟನ್ನು ಕೊನೆ ಮುಟ್ಟುವವರೆಗೆ ತಿರುಗಿಸಿ, ನಟ್ ಬಿಗಿಯುವುದು. ದಿಕ್ಕು ತಪ್ಪಿದರೆ ಗವರ್ನರ್ ಇದ್ದೂ ಇಲ್ಲದಂತೆ, ಮೊದಲ ಹಗ್ಗಕ್ಕೇ ಎಂಜಿನ್ ರೇಸ್ ಆಗುತ್ತದೆ. ತೋಳು ಕದಲದಿದ್ದರೆ ಈ ನಟ್ಟಿಗೆ ಪಾನಾ ಹಚ್ಚುವ ಅಗತ್ಯವೇ ಇಲ್ಲ. ತೋಳಿನಲ್ಲಿ ಸ್ಪ್ರಿಂಗಿಗೆ ಎರಡು ಮೂರು ತೂತು ಇದ್ದರೆ ಮೊದಲು ಇದ್ದ ತೂತಿಗೇ ಹಾಕಬೇಕು. ತಿರುಗಣೆಗೆ ಹತ್ತಿರದ ತೂತಿಗೆ ಹಾಕಿದರೆ ಗವರ್ನರ್ ಅತಿ ಚುರುಕಾಗಿ, ವೇಗ ಏರುತ್ತ ಇಳಿಯುತ್ತ ತೂಗಾಡುತ್ತದೆ; ದೂರದ್ದಕ್ಕೆ ಹಾಕಿದರೆ ದಟ್ಟ ಹುಲ್ಲಿನಲ್ಲಿ ವೇಗ ಜಾಸ್ತಿ ಕುಸಿಯುತ್ತದೆ.

2300ರ ಕೆಳಗಿನ ತೂಗಾಟ

ಎಲ್ಲ ಕೂರಿಸಿ ಓಡಿಸಿದಾಗ 3100 ಒಂದೇ ಸಮ, 2500 ಒಂದೇ ಸಮ. 2300ರ ಕೆಳಗೆ ಇಳಿಸಿದ ಕೂಡಲೇ ಎಂಜಿನ್ ಏರುತ್ತ ಇಳಿಯುತ್ತ ಹೋಯಿತು. ‘ಸಾಹೇಬ್ರ, ದಮ್ಮು ಹತ್ತಿದವರಂಗ ಉಸುರು ಬಿಡಾಕತ್ತೈತ್ರಿ’ ಎಂದ ಮಾಲಿ. ಅದಕ್ಕಿಂತ ಸರಿಯಾದ ವರ್ಣನೆ ಬೇರೆ ಇಲ್ಲ: ಒಂದೂವರೆ ಸೆಕೆಂಡಿಗೊಮ್ಮೆ ಊಂ... ಊಂ... ಎಂದು ಏರಿ ಇಳಿಯುವ ಸದ್ದು.

ಇಲ್ಲಿ ಎಲ್ಲರೂ ಬೈಯುವುದು ಗವರ್ನರನ್ನು. ಆದರೆ ಅದೇ ಸ್ಪ್ರಿಂಗ್ ಇದ್ದಾಗ ವೇಗ ಇಳಿದಂತೆ ಗವರ್ನರ್ ಮಂದವಾಗುತ್ತದೆಯೇ ಹೊರತು ಚುರುಕಾಗುವುದಿಲ್ಲ. ತೂಗಾಟಕ್ಕೆ ಕಾರಣ ಬೇರೆ ಕಡೆ ಹುಡುಕಬೇಕು. ಪರೀಕ್ಷೆ ಒಂದೇ. ತೂಗಾಡುತ್ತಿರುವಾಗ ಚೋಕನ್ನು ಅರ್ಧ ಎಳೆಯಲಾಯಿತು. ಎಂಜಿನ್ ತಕ್ಷಣ ಸಮವಾಯಿತು. ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಮ್ಮಿ.

ಬಟರ್‌ಫ್ಲೈ ಬಹಳಷ್ಟು ಮುಚ್ಚಿದಾಗ ಪೆಟ್ರೋಲ್ ಬರುವುದು ಮುಖ್ಯ ಜೆಟ್ಟಿನಿಂದಲ್ಲ, ನಿಧಾನ ವೇಗಕ್ಕೆಂದೇ ಇರುವ ಐಡಲ್ ಜೆಟ್ಟಿನಿಂದ. ವರ್ಷಗಟ್ಟಲೆ ಒಂದೇ ವೇಗದಲ್ಲಿ ಓಡಿದ ಎಂಜಿನ್ನಿನಲ್ಲಿ ಆ ಸಣ್ಣ ತೂತು ಕಟ್ಟಿದ್ದರೂ ಯಾರಿಗೂ ತಿಳಿದಿರುವುದಿಲ್ಲ. ಬಿಚ್ಚಿ ಬೆಳಕಿಗೆ ಹಿಡಿದಾಗ ಸೂಜಿಮೊನೆಯಷ್ಟೂ ಬೆಳಕು ಕಾಣಲಿಲ್ಲ. ಒಳಗೆ ಬೆಲ್ಲದ ಪಾಕ ಒಣಗಿದಂಥ ಕಂದು ಅಂಟು. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬೌಲಿನ ತಳದಲ್ಲಿ ಬಿಳಿ ಪುಡಿಯೂ ಇತ್ತು. ಎಥನಾಲ್ ಬೆರೆತ ಪೆಟ್ರೋಲು ನೀರು ಹೀರಿಕೊಂಡು ಅಲ್ಯೂಮಿನಿಯಂ ತಿಂದಾಗ ಉಳಿಯುವುದು ಅದು. ಕಾರ್ಬೊರೇಟರ್ ಕ್ಲೀನರಿನಲ್ಲಿ ಅರ್ಧ ಗಂಟೆ ನೆನೆಸಿ, ಮಾಮೂಲು ಫ್ಲೆಕ್ಸಿಬಲ್ ವೈರಿನ ಒಂದು ತಾಮ್ರದ ಎಳೆ (0.2 ಮಿ.ಮೀ.) ಆಡಿಸಿ, ಗಾಳಿ ಊದಿದ ಮೇಲೆ ತೂತು ತೆರೆಯಿತು. ಸ್ಟೀಲ್ ಸೂಜಿ ಹಾಕಬಾರದು. ಹಿತ್ತಾಳೆಯ ಜೆಟ್ ಒಮ್ಮೆ ಅಗಲವಾದರೆ ಮತ್ತೆ ಕಿರಿದಾಗುವುದಿಲ್ಲ. ಹಳೆಯ ತಂತಿಯ ಎಳೆತಕ್ಕೆ ಕಾರ್ಬೊರೇಟರಿನ ಎರಡು ನಟ್ಟೂ ಸಡಿಲವಾಗಿದ್ದವು, ಗ್ಯಾಸ್ಕೆಟ್ ಒಂದು ಕಡೆ ಹರಿದಿತ್ತು. ಅಲ್ಲಿಂದಲೂ ಗಾಳಿ ನುಗ್ಗುತ್ತಿತ್ತು. ಗ್ಯಾಸ್ಕೆಟ್ ಎರಡೂ ಹೊಸದು ಹಾಕಿದ ಮೇಲೆ 2000ದಲ್ಲೂ ಎಂಜಿನ್ ಸಮವಾಗಿ ನಿಂತಿತು.

ಬೆಳಗಾವಿಯ ಎತ್ತರದ ಮೇಲೆ ತಪ್ಪು ಹೊರಿಸುವವರೂ ಉಂಟು. ಸುಮಾರು 750 ಮೀಟರ್ ಎತ್ತರಕ್ಕೆ ಗಾಳಿ ತೆಳುವಾಗಿ ಮಿಶ್ರಣದಲ್ಲಿ ಪೆಟ್ರೋಲ್ ತುಸು ಹೆಚ್ಚೇ ಆಗುತ್ತದೆ, ಕಮ್ಮಿಯಲ್ಲ. ಜೆಟ್ ಬದಲಿಸುವಷ್ಟು ಎತ್ತರವೂ ಇದಲ್ಲ.

ಎಲ್ಲಿಯವರೆಗೆ ಇಳಿಸಬಹುದು

ಕೆಳಗಿನ ಸ್ಟಾಪ್ ಸ್ಕ್ರೂವನ್ನು 2000ಕ್ಕೆ ನಿಲ್ಲಿಸಲಾಯಿತು. ಎಂಜಿನ್ ಅದಕ್ಕೂ ಕೆಳಗೆ ಓಡಬಲ್ಲದು, ಆದರೆ ಇದರಲ್ಲಿ ಆಯಿಲ್ ಪಂಪ್ ಇಲ್ಲ. ಗೇರಿನ ಜೊತೆ ತಿರುಗುವ ಚಕ್ರವೊಂದು ಆಯಿಲನ್ನು ಎರಚುತ್ತದೆ. ವೇಗ ತೀರಾ ಇಳಿದರೆ ಎರಚಾಟ ಮೇಲಿನವರೆಗೆ ಮುಟ್ಟುವುದಿಲ್ಲ, ತಂಪು ಮಾಡುವ ಫ್ಯಾನೂ ಮಂದವಾಗುತ್ತದೆ. 2000 ಇರುವುದು ಶುರುವಿನಲ್ಲಿ ಬಿಸಿಯಾಗಲು ಮತ್ತು ನಿಲ್ಲಿಸುವ ಮುನ್ನ ತಣಿಯಲು ಮಾತ್ರ.

ಬೇಸಿಗೆಯ ತೆಳು ಹುಲ್ಲಿಗೆ 2400ರಿಂದ 2500 ಹಿಡಿಸಿತು. ಅಲ್ಲಿ ಬ್ಲೇಡು ಗಾಳಿ ಎಳೆಯುವ ಒತ್ತಡ ಪೂರ್ತಿ ವೇಗದಲ್ಲಿ ಇರುವುದರ ಅರುವತ್ತು ಪರ್ಸೆಂಟ್ ಆಸುಪಾಸಿಗೆ ಇಳಿಯುತ್ತದೆ. ಧೂಳು ಏಳದಿರುವುದೂ ಅದಕ್ಕೇ, ಒದ್ದೆ ಹುಲ್ಲು ಚೀಲಕ್ಕೆ ಹಾರದೆ ಬ್ಲೇಡನ್ನು ಮುಚ್ಚಿರುವ ಡೆಕ್ಕಿನ ಅಡಿ ಮುದ್ದೆಯಾಗುವುದೂ ಅದಕ್ಕೇ. ಮಳೆಗಾಲಕ್ಕೆ 3100 ಬಿಟ್ಟು ಬೇರೆ ಉಪಾಯವಿಲ್ಲ. ನಿಧಾನ ವೇಗದಲ್ಲಿ ಬ್ಲೇಡಿನ ಹರಿತ ಇನ್ನೂ ಚೆನ್ನಾಗಿರಬೇಕು. ಮೊಂಡಾದರೆ ಹುಲ್ಲಿನ ತುದಿ ಸಿಗಿದು ಎರಡೇ ದಿನಕ್ಕೆ ಬಿಳಿಚಿಕೊಳ್ಳುತ್ತದೆ.

ಒಂದು ತಪ್ಪು ತಿಳಿವಳಿಕೆಯನ್ನು ಮಾಲಿಗೆ ಮೊದಲ ದಿನವೇ ಬಿಡಿಸಿ ಹೇಳಬೇಕಾಯಿತು. ನಿಧಾನಕ್ಕಿಟ್ಟರೆ ಜಲ್ಲಿ ಹಾದಿ ದಾಟಬಹುದು ಎಂದು ಅವನು ಅಂದುಕೊಂಡಿದ್ದ. 2000ದಲ್ಲೂ ಬ್ಲೇಡಿನ ತುದಿ ಗಂಟೆಗೆ 200 ಕಿ.ಮೀ. ವೇಗದಲ್ಲಿರುತ್ತದೆ. ಜಲ್ಲಿ ಬಂದರೆ ಕಂಬಿ ಬಿಡಬೇಕು, ಬ್ಲೇಡು ನಿಂತ ಮೇಲೆ ದಾಟಬೇಕು.

ಎಲ್ಲ ಮೋವರಿಗೂ ಈ ವಿಧಾನ ಹೊಂದುವುದಿಲ್ಲ. ಚೋಕ್ ತಾನಾಗಿ ಕೆಲಸ ಮಾಡುವ ಎಂಜಿನ್ನುಗಳಲ್ಲಿ ಸ್ಪ್ರಿಂಗು, ಕಡ್ಡಿಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ಅಲ್ಲಿ ಕೈ ಹಾಕದಿರುವುದು ಲೇಸು. ರಬ್ಬರ್ ಗುಂಡಿ ಒತ್ತಿ ಶುರು ಮಾಡುವ ಹಲವು ಕಾರ್ಬೊರೇಟರುಗಳಲ್ಲಿ ಐಡಲ್ ದಾರಿಯೇ ಇರುವುದಿಲ್ಲ. ಎಷ್ಟು ತೊಳೆದರೂ ತೂಗಾಟ ಹೋಗದು. ಫ್ಲೈವೀಲಿನ ಗಾಳಿಗೆ ಅಲುಗುವ ಪ್ಲಾಸ್ಟಿಕ್ ಎಲೆಯೇ ಗವರ್ನರ್ ಆಗಿರುವ ಎಂಜಿನ್ನುಗಳಲ್ಲಿ ಸ್ಪ್ರಿಂಗ್ ತುಂಬ ನಾಜೂಕು, ಎಲೆಗೆ ಹುಲ್ಲು ಸಿಕ್ಕಿಕೊಂಡರೆ ಗವರ್ನರ್ ಅಲ್ಲೇ ನಿಂತುಬಿಡುತ್ತದೆ.

25 ಗಂಟೆ ಓಡಿದ ಮೇಲೆ ತೆರೆದು ನೋಡಿದಾಗ ಎರಡೂ ಸ್ಟಾಪ್ ಸ್ಕ್ರೂಗಳ ಬಣ್ಣದ ಗುರುತು ಕದಲಿರಲಿಲ್ಲ. ನೈಲಾನ್ ವಾಷರ್ ಸೈಲೆನ್ಸರಿನ ಬಿಸಿಗೆ ಒಂದು ಬದಿ ಮೆತ್ತಗಾಗಿ ಲಿವರ್ ಅಲುಗಾಡುತ್ತಿತ್ತು. ಅದರ ಜಾಗಕ್ಕೆ ಹಿತ್ತಾಳೆಯ ವಾಷರ್ ಹಾಕಿ, ಒಂದು ಹನಿ ಆಯಿಲ್ ಬಿಟ್ಟು, 3100ನ್ನು ಮತ್ತೊಮ್ಮೆ ಅಳೆದು ಮುಚ್ಚಲಾಯಿತು.